ವ್ಯಾನ್ ಹೀಟರ್‌ನಿಂದ ಗಾಳಿ ಸರಿಯಾಗಿ ಬರ್ತಿಲ್ವಾ? ಮೋಟಾರ್ ಬಿಚ್ಚುವ ಮೊದಲು ಇಷ್ಟು ನೋಡಿ

ಅಕ್ಟೋಬರ್ ರಾತ್ರಿ, ಕಾಜಾ ಹತ್ತಿರ. ಬೆಳಗಾವಿಯಿಂದ ನಮ್ಮ ಹಳೇ ಟ್ರಾವೆಲರ್ ಗಾಡಿಯಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆ ನೋಡಲು ಹೋಗಿದ್ದೆವು. ನಾನು, ಹೆಂಡತಿ, ಹತ್ತು ವರ್ಷದ ಮಗಳು. ಗಾಡಿಯ ಸೀಟು ತೆಗೆಸಿ ಎರಡು ಮಂಚ, ಸಣ್ಣ ಅಡುಗೆ ಕಟ್ಟೆ, ಎರಡನೇ ಬ್ಯಾಟರಿ ಹಾಕಿಸಿದ್ದೇನೆ. ಚಳಿಗೆ ಅಂತ 2 ಕಿಲೋವ್ಯಾಟ್‌ನ ಡೀಸೆಲ್ ಹೀಟರ್ ಇದೆ. ಹೊರಗೆ ಸೊನ್ನೆಗಿಂತ ಕೆಳಗೆ ಇಳಿದಿತ್ತು. ಹೀಟರ್ ಚಾಲೂ ಮಾಡಿದೆ. ಪಂಪಿನ ಟಿಕ್ ಟಿಕ್ ಸದ್ದು ಬಂತು, ಫ್ಯಾನ್ ಸದ್ದೂ ಬಂತು. ಆದರೆ ಬಿಸಿಗಾಳಿ ಹೊರಬರುವ ವೆಂಟ್ ಮುಂದೆ ಕೈ ಹಿಡಿದರೆ ಮಗು ಉಸಿರು ಬಿಟ್ಟ ಹಾಗೆ ಅಷ್ಟೇ ಗಾಳಿ.

ಒಂದೂವರೆ ಗಂಟೆ ಒದ್ದಾಡಿದೆ. ಫ್ಯೂಸ್ ನೋಡಿದೆ, ಸ್ವಿಚ್ ಒತ್ತಿ ಒತ್ತಿ ನೋಡಿದೆ, ಮೋಟಾರೇ ಹೋಗಿದೆ ಅಂದುಕೊಂಡು ಹೀಟರ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಲು ಕೂತೆ. ಆಗ ಕಂಬಳಿ ಒಳಗಿಂದ ಮಗಳು ಹೇಳಿದಳು: "ಅಪ್ಪಾ, ನನ್ನ ಹಾಸಿಗಿ ಕೆಳಗ ಬೆಚ್ಚಗ ಐತಿ ನೋಡು."

ಹಾಸಿಗೆ ಎತ್ತಿ ಹಲಗೆ ತೆಗೆದೆ. ಬಿಸಿಗಾಳಿ ಮುಖಕ್ಕೇ ಹೊಡೆಯಿತು. ಹೀಟರ್‌ನಿಂದ ವೆಂಟ್‌ಗೆ ಗಾಳಿ ಒಯ್ಯುವ ಡಕ್ಟ್ ಪೈಪ್ ಜಾಯಿಂಟಿನಿಂದ ಜಾರಿ ಹೊರಬಂದಿತ್ತು. ಅದು ಯಾಕೆ ಜಾರಿತು ಅನ್ನುವುದೂ ಅಲ್ಲೇ ಕಾಣುತ್ತಿತ್ತು. ಜೋಳದ ಕಟಕ ರೊಟ್ಟಿ ತುಂಬಿದ ದೊಡ್ಡ ಸ್ಟೀಲ್ ಡಬ್ಬಿಯನ್ನು ಮಂಚದ ಕೆಳಗೆ ಇಟ್ಟಿದ್ದೆವು. ಘಟ್ಟದ ತಿರುವುಗಳಲ್ಲಿ ಅದು ಸರಿದು ಬಂದು ಪೈಪನ್ನು ಗೋಡೆಗೆ ಒತ್ತಿತ್ತು. ಪೈಪ್ ಚಪ್ಪಟೆಯಾಗಿ, ಅದರ ಎಳೆತಕ್ಕೆ ಜಾಯಿಂಟ್ ಕಳಚಿತ್ತು. ಹೀಟರ್‌ಗೆ ಏನೂ ಆಗಿರಲಿಲ್ಲ. ಅದು ತನ್ನ ಕೆಲಸ ಮಾಡುತ್ತಲೇ ಇತ್ತು. ಗಾಳಿ ಮಾತ್ರ ನಮಗೆ ತಲುಪುತ್ತಿರಲಿಲ್ಲ.

ಆಮೇಲೆ ನನ್ನ ಗಾಡಿಯಲ್ಲೂ ಗೆಳೆಯರ ಗಾಡಿಗಳಲ್ಲೂ ಇಂಥ ತೊಂದರೆ ಹಲವು ಸಲ ನೋಡಿದ್ದೇನೆ. ಮೋಟಾರ್ ಕೆಟ್ಟದ್ದು ತೀರಾ ಕಡಿಮೆ. ಹೆಚ್ಚಿನ ಸಲ ಗಾಳಿ ದಾರಿಯಲ್ಲೇ ಕಳೆದುಹೋಗಿರುತ್ತದೆ, ಇಲ್ಲಾ ಒಳಗೆ ಬರಲು ಅದಕ್ಕೆ ದಾರಿಯೇ ಇರುವುದಿಲ್ಲ. ಹಾಗಾಗಿ ಈ ಬರಹದ ಕ್ರಮವೂ ಹಾಗೇ ಇದೆ. ಗಾಳಿಯ ದಾರಿ ಮೊದಲು, ಕರೆಂಟ್ ಆಮೇಲೆ, ಹೀಟರ್ ಬಿಚ್ಚುವುದು ಕೊನೆಗೆ.

ಎರಡು ಗಾಳಿ, ಒಂದು ಮೋಟಾರ್

ಈ ಹೀಟರ್‌ಗಳಲ್ಲಿ ಎರಡು ಬೇರೆ ಬೇರೆ ಗಾಳಿ ಓಡಾಡುತ್ತವೆ. ಒಂದು, ಡೀಸೆಲ್ ಉರಿಯಲು ಬೇಕಾದ ಗಾಳಿ. ಅದು ಗಾಡಿಯ ಅಡಿಯಿಂದ ಸಣ್ಣ ಪೈಪಿನಲ್ಲಿ ಒಳಗೆ ಹೋಗಿ, ಹೊಗೆಯಾಗಿ ಸೈಲೆನ್ಸರ್ ಮೂಲಕ ಅಡಿಗೇ ಹೊರಬರುತ್ತದೆ. ಇನ್ನೊಂದು, ನಾವು ಕೂತಿರುವ ಜಾಗದ ಗಾಳಿ. ಹೀಟರ್ ಅದನ್ನು ಒಂದು ತುದಿಯಿಂದ ಎಳೆದುಕೊಂಡು, ಬಿಸಿಯಾದ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಹಾಯಿಸಿ, ಇನ್ನೊಂದು ತುದಿಯಿಂದ ಡಕ್ಟ್‌ಗೆ ತಳ್ಳುತ್ತದೆ. ಇವೆರಡೂ ಎಲ್ಲೂ ಸೇರಬಾರದು. ಸೇರಿದರೆ ಹೊಗೆ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದರ ಅಲಾರಂ ಒಂದು ಗಾಡಿಯಲ್ಲಿ ಇಲ್ಲದಿದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ತನ್ನಿ. ಪರೀಕ್ಷೆ ಮಾಡುವಾಗಲೂ ಗಾಡಿ ಬಯಲಲ್ಲಿ ನಿಂತಿರಲಿ. ಮುಚ್ಚಿದ ಶೆಡ್ಡಿನಲ್ಲಿ ಹೀಟರ್ ಹಚ್ಚಬೇಡಿ.

ಸಾಮಾನ್ಯವಾಗಿ ಈ ಎರಡೂ ಗಾಳಿಗೆ ಒಂದೇ ಮೋಟಾರ್ ಇರುತ್ತದೆ. ಅದರ ಒಂದು ತುದಿಗೆ ಉರಿಯ ಫ್ಯಾನ್, ಇನ್ನೊಂದು ತುದಿಗೆ ನಮ್ಮ ಗಾಳಿಯ ಫ್ಯಾನ್. ಮೋಟಾರ್ ಸೊರಗಿದರೆ ಎರಡೂ ಸೊರಗುತ್ತವೆ. ಅಂದರೆ ಉರಿ ಚೆನ್ನಾಗಿದೆ, ಹೊಗೆ ಕಪ್ಪಗಿಲ್ಲ, ಆದರೂ ವೆಂಟ್‌ನಲ್ಲಿ ಗಾಳಿ ಇಲ್ಲ ಅಂದರೆ ಮೋಟಾರ್ ಮೇಲೆ ಅನುಮಾನ ಪಡಲು ಹೆಚ್ಚು ಕಾರಣ ಇಲ್ಲ. ಇದೊಂದು ಗೊತ್ತಿದ್ದಿದ್ದರೆ ಅವತ್ತು ನಾನು ಸ್ಕ್ರೂಡ್ರೈವರ್ ಹಿಡಿಯುತ್ತಲೇ ಇರಲಿಲ್ಲ.

ಮೊದಲು ಕೈ ಹಿಡಿದು ನೋಡಿ

ಹೀಟರ್ ಚಾಲೂ ಮಾಡಿ, ಹತ್ತು ನಿಮಿಷ ಬಿಡಿ. ಶುರುವಿನಲ್ಲಿ ಫ್ಯಾನ್ ನಿಧಾನ ಇರುವುದು ಸಹಜ. ಡೀಸೆಲ್ ಹೊತ್ತಿಸುವ ಗ್ಲೋ ಪ್ಲಗ್ ಬಿಸಿಯಾಗಬೇಕು, ಉರಿ ಹತ್ತಬೇಕು, ಆಮೇಲೆ ವೇಗ ಏರುತ್ತದೆ. ಎರಡನೇ ನಿಮಿಷಕ್ಕೇ "ಗಾಳಿ ಇಲ್ಲ" ಅಂತ ತೀರ್ಮಾನ ಮಾಡಬೇಡಿ. ಹತ್ತು ನಿಮಿಷ ಆದ ಮೇಲೆ ವೆಂಟ್ ಮುಂದೆ ಕೈ ಹಿಡಿದು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬರುತ್ತಿರುವ ಆ ಸ್ವಲ್ಪ ಗಾಳಿ ಎಷ್ಟು ಬಿಸಿ ಇದೆ?

ಗಾಳಿ ಕಡಿಮೆ, ಆದರೆ ಕೈ ಹಿಂದೆಳೆಯುವಷ್ಟು ಬಿಸಿ ಅಂದರೆ ದಾರಿ ಕಟ್ಟಿಕೊಂಡಿದೆ. ಹೀಟರ್ ಶಾಖ ಮಾಡುತ್ತಿದೆ, ಅದನ್ನು ಹೊತ್ತೊಯ್ಯಲು ಗಾಳಿ ಸಾಲುತ್ತಿಲ್ಲ. ಇಂಥ ಕಡೆ ಇನ್ನೊಂದು ಗುರುತೂ ಇರುತ್ತದೆ. ಮೊದಲು ಜೋರಾಗಿ ಶುರುವಾಗಿ, ಸ್ವಲ್ಪ ಹೊತ್ತಿಗೆ ತಾನೇ ಇಳಿದು, ಮತ್ತೆ ಏರಿ, ಕೊನೆಗೆ ಓವರ್‌ಹೀಟ್ ಕೋಡ್ ತೋರಿಸಿ ನಿಲ್ಲುತ್ತದೆ. ಒಳಗಿನ ಸೆನ್ಸರ್ ಶಾಖ ಜಾಸ್ತಿ ಆಯಿತೆಂದು ಹೀಟರನ್ನು ಕಾಪಾಡುತ್ತಿದೆ ಅಷ್ಟೇ.

ಗಾಳಿ ಕಡಿಮೆ, ಬಿಸಿಯೂ ಉಗುರುಬೆಚ್ಚಗೆ ಅಂದರೆ ಎರಡು ಸಾಧ್ಯತೆ. ಗಾಳಿ ನಡುವೆ ಎಲ್ಲೋ ಸೋರುತ್ತಿದೆ, ಇಲ್ಲಾ ಹೀಟರೇ ಕಡಿಮೆ ವೇಗದಲ್ಲಿ ಓಡುತ್ತಿದೆ. ಎರಡನೆಯದಕ್ಕೆ ಕಾರಣ ಸೆಟ್ಟಿಂಗ್ ಇರಬಹುದು, ವೋಲ್ಟೇಜ್ ಇರಬಹುದು.

ಗಾಳಿ ಜೋರು, ಆದರೆ ತಣ್ಣಗೆ ಅಂದರೆ ನಿಮ್ಮ ತೊಂದರೆ ಗಾಳಿಯದ್ದಲ್ಲ, ಉರಿಯದ್ದು. ಡೀಸೆಲ್ ಪಂಪ್, ಫಿಲ್ಟರ್, ಗ್ಲೋ ಪ್ಲಗ್, ಮಸಿ ಕಡೆ ನೋಡಬೇಕು. ಅದು ಬೇರೆಯೇ ವಿಷಯ.

ಇದಾದ ಮೇಲೆ ಡಕ್ಟನ್ನು ಹೀಟರ್ ಬಾಯಿಂದ ಕಳಚಿ, ಬಾಯಿಯಲ್ಲೇ ಗಾಳಿ ನೋಡಿ. ಬಾಯಿ ತುಂಬಾ ಬಿಸಿ ಇರುತ್ತದೆ, ಹಾಗಾಗಿ ಹೀಟರ್ ಆರಿಸಿ, ಫ್ಯಾನ್ ಪೂರ್ತಿ ನಿಂತ ಮೇಲೆ ಕಳಚಿ, ಮತ್ತೆ ಹಚ್ಚಿ. ನಿಲ್ಲಿಸುವಾಗ ಸ್ವಿಚ್‌ನಿಂದಲೇ ನಿಲ್ಲಿಸಿ. ಫ್ಯಾನ್ ಇನ್ನೂ ಕೆಲವು ನಿಮಿಷ ತಿರುಗಿ ಒಳಗನ್ನು ತಣ್ಣಗೆ ಮಾಡುತ್ತದೆ. ಅವಸರಕ್ಕೆ ಬ್ಯಾಟರಿ ವೈರ್ ಕಿತ್ತರೆ ಕಾದ ಹೀಟರ್‌ನ ಪ್ಲಾಸ್ಟಿಕ್ ಕವಚವೇ ಸೊಟ್ಟಗಾಗಬಹುದು.

ಬಾಯಿಯಲ್ಲಿ ಗಾಳಿ ಜೋರಾಗಿದ್ದು ವೆಂಟ್‌ನಲ್ಲಿ ಇಲ್ಲದಿದ್ದರೆ ತಪ್ಪು ಡಕ್ಟ್‌ನಲ್ಲಿದೆ. ಬಾಯಿಯಲ್ಲೂ ಇಲ್ಲದಿದ್ದರೆ ಗಾಳಿ ಎಳೆದುಕೊಳ್ಳುವ ಹಿಂದಿನ ತುದಿ, ಸೆಟ್ಟಿಂಗ್, ಕರೆಂಟ್ ಈ ಮೂರರಲ್ಲಿ ಒಂದು. ಇಷ್ಟಕ್ಕೇ ಅರ್ಧ ಕೆಲಸ ಮುಗಿಯುತ್ತದೆ.

ಗಾಳಿಯನ್ನು ಅಳೆಯಲು ಒಂದು ಸುಲಭ ಉಪಾಯ ಇದೆ. ನಿಮ್ಮ ಹೀಟರ್‌ನಲ್ಲಿ ಬರೀ ಫ್ಯಾನ್ ಓಡಿಸುವ ವ್ಯವಸ್ಥೆ ಇದ್ದರೆ ಅದನ್ನು ಪೂರ್ತಿ ವೇಗಕ್ಕೆ ಇಡಿ. ದೊಡ್ಡ ಕಸದ ಚೀಲವನ್ನು ಗಾಳಿಯೆಲ್ಲ ಹೋಗುವಂತೆ ಹಿಂಡಿ, ಅದರ ಬಾಯನ್ನು ವೆಂಟ್‌ಗೆ ಹಿಡಿದು, ಎಷ್ಟು ಸೆಕೆಂಡಿಗೆ ಉಬ್ಬುತ್ತದೆ ಅಂತ ಮೊಬೈಲ್‌ನಲ್ಲಿ ನೋಡಿ. ಉರಿ ಇರುವಾಗ ಮಾತ್ರ ಈ ಪರೀಕ್ಷೆ ಬೇಡ, ಚೀಲ ಕರಗುತ್ತದೆ. 2 ಕಿಲೋವ್ಯಾಟ್‌ನ ಒಳ್ಳೆಯ ಹೀಟರ್‌ಗಳು ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 90ರಿಂದ 105 ಘನ ಮೀಟರ್ ಗಾಳಿ ತಳ್ಳುತ್ತವೆ. ಅಂದರೆ ಸೆಕೆಂಡಿಗೆ 25ರಿಂದ 29 ಲೀಟರ್. ಒಂದೇ ವೆಂಟ್ ಇದ್ದರೆ 100 ಲೀಟರ್ ಚೀಲ ನಾಲ್ಕು ಸೆಕೆಂಡ್ ಆಸುಪಾಸಿನಲ್ಲಿ ತುಂಬಬೇಕು. ಎರಡು ವೆಂಟ್ ಇದ್ದರೆ ಒಂದೊಂದಕ್ಕೂ ಅದರ ಇಮ್ಮಡಿ ಹೊತ್ತು. ಲೆಕ್ಕ ಪಕ್ಕಾ ಇರಲೇಬೇಕೆಂದಿಲ್ಲ. ರಿಪೇರಿಗೆ ಮೊದಲು ಎಷ್ಟು, ಆಮೇಲೆ ಎಷ್ಟು ಅನ್ನುವುದೇ ಮುಖ್ಯ. ಕಾಜಾದಿಂದ ಬಂದ ಮೇಲೆ ಆ ಚಪ್ಪಟೆ ಪೈಪನ್ನು ಜೋಡಿಸಿಯೇ ಒಮ್ಮೆ ಅಳೆದೆ, ಒಂಬತ್ತು ಸೆಕೆಂಡ್. ಹೊಸ ಪೈಪ್ ಹಾಕಿದ ಮೇಲೆ ನಾಲ್ಕೂವರೆ.

ಡಕ್ಟ್: ತಪ್ಪು ಹೆಚ್ಚಾಗಿ ಇಲ್ಲೇ

ಪೈಪನ್ನು ಹೀಟರ್ ಬಾಯಿಂದ ವೆಂಟ್‌ವರೆಗೆ ಕೈಯಲ್ಲಿ ತಡವುತ್ತಾ ಹೋಗಿ. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಮಂಚದ ಕೆಳಗೆ, ಸಾಮಾನಿನ ಹಿಂದೆ, ಕಟ್ಟಿಗೆಯ ಚೌಕಟ್ಟು ದಾಟುವ ಕಡೆ ಪೈಪ್ ಗುಂಡಗೇ ಇದೆಯಾ ನೋಡಿ. 60 ಮಿಲಿಮೀಟರ್ ಪೈಪ್ 20 ಮಿಲಿಮೀಟರ್ ಎತ್ತರಕ್ಕೆ ಚಪ್ಪಟೆಯಾದರೆ ಒಳಗಿನ ಜಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿಯನ್ನು ಅದರಲ್ಲಿ ತಳ್ಳಬೇಕೆಂದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಒತ್ತಡ ಬೇಕು. ಈ ಸಣ್ಣ ಫ್ಯಾನ್‌ಗೆ ಅಷ್ಟು ಶಕ್ತಿ ಇಲ್ಲ.

ಜಾಯಿಂಟ್‌ಗಳಲ್ಲಿ ಸೋರಿಕೆ ಹುಡುಕಲು ಊದಿನಕಡ್ಡಿ ಸಾಕು. ಫ್ಯಾನ್ ಓಡುವಾಗ ಕಡ್ಡಿಯನ್ನು ಜಾಯಿಂಟ್ ಸುತ್ತ ನಿಧಾನವಾಗಿ ತಿರುಗಿಸಿ. ನೆಟ್ಟಗೆ ಏರುತ್ತಿದ್ದ ಹೊಗೆ ಎಲ್ಲಿ ಸರಕ್ಕನೆ ಪಕ್ಕಕ್ಕೆ ಹಾರುತ್ತದೋ ಅಲ್ಲಿ ಸೋರಿಕೆ. ಹಾಸಿಗೆ, ಪರದೆ, ಡೀಸೆಲ್ ಪೈಪ್ ಹತ್ತಿರ ಬೆಂಕಿ ತಾಗದಂತೆ ನೋಡಿಕೊಳ್ಳಿ. ಸೋರುವ ಜಾಯಿಂಟ್‌ಗೆ ಬಟ್ಟೆ ಸುತ್ತುವುದು, ಸಾದಾ ಸೆಲ್ಲೋ ಟೇಪ್ ಹಚ್ಚುವುದು ಬೇಡ. ಒಂದೇ ರಾತ್ರಿಗೆ ಅದರ ಅಂಟು ಕರಗುತ್ತದೆ. ಸ್ಟೀಲ್ ಹೋಸ್ ಕ್ಲಾಂಪ್ ಹಾಕಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಸುತ್ತಿ. ನಮ್ಮ ಉದ್ಯಮಬಾಗ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ.

ತಿರುವುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಾಡಿ ಒಳಗೆ ಜಾಗ ಕಡಿಮೆ, ಹಾಗಾಗಿ ಪೈಪನ್ನು ಮೂಲೆ ಮೂಲೆಗೆ ಬಗ್ಗಿಸಿ ಒಯ್ಯುತ್ತಾರೆ. ಪ್ರತಿ ಚೂಪು ತಿರುವೂ ಗಾಳಿಯ ಒಂದಿಷ್ಟು ಪಾಲು ತಿನ್ನುತ್ತದೆ. ಇನ್ನೂ ಕೆಟ್ಟದ್ದು ಅಂದರೆ ಉದ್ದ ಜಾಸ್ತಿಯಾದ ಪೈಪನ್ನು ಕತ್ತರಿಸದೆ ಸ್ಪ್ರಿಂಗಿನ ಹಾಗೆ ಕುಗ್ಗಿಸಿ ತುರುಕುವುದು. ಸುಕ್ಕುಸುಕ್ಕಾದ ಆ ಪೈಪ್ ಒಳಗೆ ಪ್ರತಿ ಮಡಿಕೆಯೂ ಗಾಳಿಗೆ ಒಂದು ಅಡ್ಡಗಟ್ಟೆ. ಪೈಪನ್ನು ಪೂರ್ತಿ ಎಳೆದು ಉದ್ದ ಮಾಡಿ, ಬೇಕಾದಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ. ಮೂರು ನಾಲ್ಕು ಮೀಟರ್‌ ಒಳಗೆ ಮುಗಿದರೆ ಒಳ್ಳೆಯದು. ಉದ್ದ ಜಾಸ್ತಿ ಆದಷ್ಟೂ ಗಾಳಿಯೂ ಕಡಿಮೆ, ದಾರಿಯಲ್ಲಿ ಶಾಖವೂ ಹೋಗುತ್ತದೆ.

ಇನ್ನೊಂದು ತಪ್ಪು, ಅಳತೆ ಕಡಿಮೆ ಮಾಡುವುದು. 5 ಕಿಲೋವ್ಯಾಟ್ ಹೀಟರ್‌ನ ಬಾಯಿ ಸಾಮಾನ್ಯವಾಗಿ 75 ಅಥವಾ 90 ಮಿಲಿಮೀಟರ್. ಅಂಗಡಿಯಲ್ಲಿ 60ರ ಪೈಪ್ ಸಿಕ್ಕಿತು ಅಂತ ರೆಡ್ಯೂಸರ್ ಹಾಕಿ ಅದನ್ನೇ ಜೋಡಿಸುತ್ತಾರೆ. 75ರಿಂದ 60ಕ್ಕೆ ಇಳಿಸಿದರೆ ಜಾಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. 90ರಿಂದ 60ಕ್ಕೆ ಇಳಿಸಿದರೆ ಅರ್ಧಕ್ಕಿಂತಲೂ ಕಡಿಮೆ ಉಳಿಯುತ್ತದೆ. ಇಂಥ ಗಾಡಿಯ ಹೀಟರ್ ಮೊದಲ ದಿನದಿಂದಲೇ ಸೊರಗಿರುತ್ತದೆ, "ಕಂಪನಿ ಮಾಲು ಸರಿ ಇಲ್ಲ" ಅಂತ ಬೈಗುಳವನ್ನೂ ತಿನ್ನುತ್ತದೆ.

ವೆಂಟ್‌ನ ಮುಚ್ಚಳಗಳನ್ನೂ ನೋಡಿ. ಮಕ್ಕಳು ತಿರುಗಿಸಿ ಆಟ ಆಡುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲ ವೆಂಟ್‌ಗಳಿಗೂ ಮುಚ್ಚುವ ಪದರ ಇರಬಾರದು. ಒಂದಾದರೂ ಯಾವಾಗಲೂ ತೆರೆದೇ ಇರುವಂಥದ್ದು ಇರಲಿ. ಎರಡು ವೆಂಟ್‌ಗೆ ವೈ ಜಾಯಿಂಟ್ ಹಾಕಿದ್ದರೆ, ಹತ್ತಿರದ ವೆಂಟ್ ಎಲ್ಲ ಗಾಳಿಯನ್ನೂ ಕುಡಿದುಬಿಡುತ್ತದೆ. ಹತ್ತಿರದ್ದನ್ನು ಸ್ವಲ್ಪ ಮುಚ್ಚಿ, ದೂರದ್ದನ್ನು ಪೂರ್ತಿ ತೆರೆದಿಡಿ.

ಗಾಡಿ ಬಹಳ ದಿನ ನಿಂತಿದ್ದರೆ ಪೈಪ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಇಲಿ ಗೂಡು ಕಟ್ಟಿರಬಹುದು. ನಮ್ಮ ಕಡೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಲು ಬೆರಳು ದಪ್ಪದ ತೂತು ಸಿಕ್ಕರೆ ಸಾಕು, ಬಿಡುವುದಿಲ್ಲ. ಅದು ಹೆಚ್ಚಾಗಿ ಅಡಿಯ ಸಣ್ಣ ಪೈಪ್‌ಗಳಲ್ಲಿ ಕಟ್ಟುತ್ತದೆ. ಅಲ್ಲಿ ಕಟ್ಟಿದರೆ ಉರಿ ಹತ್ತುವುದಿಲ್ಲ, ಇಲ್ಲಾ ಹೊಗೆ ಕಪ್ಪಗೆ ಬರುತ್ತದೆ. ಹೀಟರ್ ಬಳಸದ ತಿಂಗಳುಗಳಲ್ಲಿ ಆ ಎರಡು ತೂತಿಗೆ ಕೆಂಪು ರಿಬ್ಬನ್ ಕಟ್ಟಿದ ಬಿರಡೆ ಹಾಕಿಡಿ. ಹಚ್ಚುವ ಮೊದಲು ಅದನ್ನು ತೆಗೆಯಲೇಬೇಕು, ಕೆಂಪು ರಿಬ್ಬನ್ ಇರುವುದು ಅದು ನೆನಪಾಗಲಿ ಅಂತಲೇ.

ಒಳಗೆ ಬರದ ಗಾಳಿ ಹೊರಗೆ ಹೇಗೆ ಹೋದೀತು?

ಎಲ್ಲರೂ ವೆಂಟ್ ಕಡೆ ನೋಡುತ್ತಾರೆ, ಹೀಟರ್‌ನ ಹಿಂದಿನ ತುದಿ ಯಾರಿಗೂ ನೆನಪಾಗುವುದಿಲ್ಲ. ಸೀಟಿನ ಕೆಳಗೆ ಚೆಂದ ಕಾಣಲಿ ಅಂತ ಹೀಟರ್‌ಗೆ ಪ್ಲೈವುಡ್ ಪೆಟ್ಟಿಗೆ ಮಾಡಿಸಿರುತ್ತೇವೆ. ಗಾಳಿ ಬರಲು ಬಡಗಿ ನಾಲ್ಕು ಸಣ್ಣ ತೂತು ಕೊರೆದಿರುತ್ತಾನೆ. ಅದೇ ಪೆಟ್ಟಿಗೆಯಲ್ಲಿ ಹೆಚ್ಚುವರಿ ಕಂಬಳಿ, ಚಪ್ಪಲಿ, ಹಗ್ಗ ಎಲ್ಲ ತುರುಕುತ್ತೇವೆ. ಹೀಟರ್ ಉಸಿರಾಡುವುದು ಎಲ್ಲಿಂದ?

ಪರೀಕ್ಷೆ ಸುಲಭ. ಹೀಟರ್ ಪೂರ್ತಿ ವೇಗದಲ್ಲಿ ಓಡುವಾಗ ಪೆಟ್ಟಿಗೆಯ ಬಾಗಿಲು ತೆಗೆಯಿರಿ. ವೆಂಟ್‌ನ ಗಾಳಿ ತಕ್ಷಣ ಏರಿದರೆ, ಫ್ಯಾನ್‌ನ ಸದ್ದು ಬದಲಾದರೆ, ಕಾರಣ ಸಿಕ್ಕಿತು. 60 ಮಿಲಿಮೀಟರ್ ಪೈಪಿನ ಬಾಯಿ ಸುಮಾರು 28 ಚದರ ಸೆಂಟಿಮೀಟರ್. ಒಳಗೆ ಬರುವ ದಾರಿ ಕಡಿಮೆ ಅಂದರೂ ಅದರ ಎರಡು ಪಟ್ಟು ಇರಲಿ ಅನ್ನುವುದು ನನ್ನ ಲೆಕ್ಕ. ಜಾಳಿ ಹಾಕಿದರೆ ಕಂಬಿಗಳೇ ಜಾಗ ತಿನ್ನುತ್ತವೆ, ಹಾಗಾಗಿ ಇನ್ನೂ ಸ್ವಲ್ಪ ದೊಡ್ಡದು ಮಾಡಿ. ಆ ಗಾಳಿ ವ್ಯಾನ್ ಒಳಗಿನಿಂದಲೇ ಬರಲಿ, ಅಡಿಯಿಂದಲ್ಲ. ಅಡಿಯಲ್ಲಿ ಹೊಗೆ ಪೈಪ್ ಇದೆ, ಮರೆಯಬೇಡಿ.

ಜಾಳಿಯ ಮೇಲಿನ ಧೂಳನ್ನೂ ಒರೆಸಿ. ಕಬ್ಬು ನುರಿಸುವ ಕಾಲ ಶುರುವಾದರೆ ಸಕ್ಕರೆ ಕಾರ್ಖಾನೆ ಹತ್ತಿರದ ಊರುಗಳಲ್ಲಿ ಕಪ್ಪು ಬೂದಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತದೆ ಅಲ್ವಾ, ಅದೇ ಬೂದಿ ಗಾಡಿ ಒಳಗೂ ಸೇರುತ್ತದೆ. ಅದಕ್ಕೆ ಕಂಬಳಿಯ ನೂಲು, ತಲೆಗೂದಲು ಸೇರಿದರೆ ಜಾಳಿಯ ಮೇಲೆ ದಪ್ಪ ಬಟ್ಟೆ ಹೊದಿಸಿದ ಹಾಗೆ ಒಂದು ಪದರ ಕೂರುತ್ತದೆ. ನನ್ನದರಲ್ಲಿ ಅದನ್ನು ಉಗುರಿನಿಂದ ಹಿಡಿದು ಎಳೆದರೆ ಒಂದೇ ತುಂಡಾಗಿ, ಹಪ್ಪಳದ ಹಾಗೆ ಎದ್ದು ಬಂತು.

ಹೀಟರ್ ಸುಳ್ಳು ಬಿಸಿ ನಂಬಿದಾಗ

ಗೋಕಾಕದ ಗೆಳೆಯರೊಬ್ಬರ ಕಥೆ ಇದು. ಅವರ ಹೀಟರ್ ಐದು ನಿಮಿಷ ಜೋರಾಗಿ ಊದಿ, ಆಮೇಲೆ ಮೆತ್ತಗಾಗುತ್ತಿತ್ತು. ಒಂದು ಅಂಗಡಿಯಲ್ಲಿ ಮೋಟಾರ್ ಬದಲಿಸಿಕೊಟ್ಟರು. ದುಡ್ಡು ಹೋಯಿತು, ತೊಂದರೆ ಹಾಗೇ ಉಳಿಯಿತು. ನಾನು ಹೋಗಿ ನೋಡಿದಾಗ ಗಾಳಿಯ ದಾರಿಯಲ್ಲಿ ಏನೂ ತಪ್ಪಿರಲಿಲ್ಲ. ಕಂಟ್ರೋಲರ್ ಮಾತ್ರ ವೆಂಟ್‌ನ ನೇರ ಮೇಲೆ, ಒಂದು ಗೇಣು ದೂರದಲ್ಲಿ ಗೋಡೆಗೆ ಅಂಟಿಕೊಂಡಿತ್ತು.

ಅವರ ಹೀಟರ್‌ಗೆ ಕೋಣೆಯ ಬಿಸಿ ಎಷ್ಟು ಅಂತ ಹೇಳುವುದು ಆ ಕಂಟ್ರೋಲರ್ ಒಳಗಿನ ಸೆನ್ಸರ್. ಬಿಸಿಗಾಳಿ ನೇರ ಅದಕ್ಕೇ ತಾಗುತ್ತಿತ್ತು. ಗಾಡಿ ಒಳಗೆ 14 ಡಿಗ್ರಿ ಇದ್ದರೂ ಸೆನ್ಸರ್‌ಗೆ 26 ಕಾಣುತ್ತಿತ್ತು. "ಸಾಕಷ್ಟು ಬೆಚ್ಚಗಾಯಿತು" ಅಂತ ಹೀಟರ್ ತಾನೇ ವೇಗ ಇಳಿಸುತ್ತಿತ್ತು. ಕಂಟ್ರೋಲರನ್ನು ಎದುರು ಗೋಡೆಗೆ, ಮಲಗಿದಾಗ ತಲೆ ಇರುವ ಎತ್ತರಕ್ಕೆ ಹಾಕಿದೆವು. ಅಷ್ಟೇ, ಸರಿಹೋಯಿತು.

ಹಾಗಾಗಿ ಪರೀಕ್ಷೆ ಮಾಡುವಾಗ ಥರ್ಮೋಸ್ಟಾಟ್ ಲೆಕ್ಕ ಬಿಟ್ಟು, ಹೀಟರನ್ನು ನೇರ ಪೂರ್ತಿ ಮಟ್ಟಕ್ಕೆ ಇಡಿ. ಆಗ ಗಾಳಿ ಜೋರಾಗಿ ಬಂದು, ಆಟೋದಲ್ಲಿ ಮಾತ್ರ ಸೊರಗಿದರೆ ಸೆನ್ಸರ್ ಇರುವ ಜಾಗ ನೋಡಿ. ಕೆಲವು ಹೀಟರ್‌ಗಳಲ್ಲಿ ಸೆನ್ಸರ್ ಗಾಳಿ ಒಳಗೆ ಬರುವ ಬಾಯಲ್ಲೇ ಇರುತ್ತದೆ. ಅಂಥ ಕಡೆ ಬಿಸಿಗಾಳಿ ಸೋರಿ ಹಿಂದಿನ ಬಾಯಿಗೆ ಮರಳಿ ಬಂದರೂ ಇದೇ ತೊಂದರೆ.

ಕರೆಂಟ್: ನಿಂತಾಗ ಅಲ್ಲ, ಓಡುವಾಗ ಅಳೆಯಿರಿ

ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದು "12.6 ಇದೆ, ಬ್ಯಾಟರಿ ಸರಿ ಇದೆ" ಅನ್ನುವುದು ಅರ್ಧ ಮಾತು. ಹೀಟರ್‌ಗೆ ಎಷ್ಟು ತಲುಪುತ್ತಿದೆ ಅನ್ನುವುದು ಮುಖ್ಯ. ಅದೂ ಫ್ಯಾನ್ ಪೂರ್ತಿ ವೇಗದಲ್ಲಿ ಇರುವಾಗ, ಹೀಟರ್‌ನ ಪ್ಲಗ್ ಹತ್ತಿರ.

ಕಾಜಾಕ್ಕೆ ಹೋಗಿ ಬಂದ ಮರು ವರ್ಷ ನನಗೆ ಇದೇ ಬಂತು. ಬೆಳಗಾವಿಯ ಮಳೆಗಾಲ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಗಾಡಿಯ ಅಡಿ ಒಣಗುವುದೇ ಇಲ್ಲ. ಡಿಸೆಂಬರ್‌ನಲ್ಲಿ ಜಾಂಬೋಟಿ ಕಡೆ ಒಂದು ರಾತ್ರಿ ಉಳಿಯಲು ಹೋದೆವು. ಗಾಳಿ ಮತ್ತೆ ಕಡಿಮೆ. ಈ ಸಲ ಡಕ್ಟ್ ತಡವಿ ನೋಡಿದೆ, ಎಲ್ಲ ಸರಿ ಇತ್ತು. ಹೀಟರ್ ಬಾಯಲ್ಲೇ ಗಾಳಿ ಕಡಿಮೆ. ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ ಮೇಲೆ 12.5, ಹೀಟರ್ ಪ್ಲಗ್‌ನಲ್ಲಿ 10.9. ನಡುವೆ 1.6 ವೋಲ್ಟ್ ಎಲ್ಲಿ ಹೋಯಿತು?

ಹುಡುಕುವ ರೀತಿ ಹೀಗೆ. ಫ್ಯಾನ್ ಓಡುತ್ತಿರಲಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಹೀಟರ್ ಪ್ಲಗ್‌ನ ಪ್ಲಸ್ ಮೇಲೆ ಇಡಿ. ಬರುವ ಅಂಕಿ ಆ ದಾರಿಯಲ್ಲಿ ಕಳೆದುಹೋದ ವೋಲ್ಟ್. ಅದೇ ರೀತಿ ಮೈನಸ್ ಕಡೆ. ನನ್ನದರಲ್ಲಿ ಪ್ಲಸ್ ಕಡೆ 0.2 ಮಾತ್ರ ಇತ್ತು. ಮೈನಸ್ ಕಡೆ 1.4. ಅರ್ಥಿಂಗ್ ವೈರನ್ನು ಚಾಸಿಸ್‌ಗೆ ಕಟ್ಟಿದ್ದ ಬೋಲ್ಟ್ ನೋಡಿದೆ. ಬಣ್ಣ ಕೆರೆಯದೆ ಅದರ ಮೇಲೇ ಬಿಗಿದಿದ್ದರು, ಸುತ್ತ ತುಕ್ಕು ಉಬ್ಬಿತ್ತು. ಬಿಚ್ಚಿ, ಪಾಲಿಶ್ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಹಾಕಿ, ಮೇಲೆ ಗ್ರೀಸ್ ಹಚ್ಚಿದೆ. ಪ್ಲಗ್‌ನಲ್ಲಿ 12.2 ಬಂತು, ಗಾಳಿಯೂ ಬಂತು. ಆಮೇಲೆ ಬೆಳಗಾವಿಗೆ ಬಂದು ಚಾಸಿಸ್ ನೆಚ್ಚಿಕೊಳ್ಳುವುದೇ ಬೇಡ ಅಂತ ಮೈನಸ್ ವೈರನ್ನೂ ನೇರ ಬ್ಯಾಟರಿಗೇ ಎಳೆದೆ.

ಇದರ ಲೆಕ್ಕ ಸರಳ. 2 ಕಿಲೋವ್ಯಾಟ್ ಹೀಟರ್ ಪೂರ್ತಿ ವೇಗದಲ್ಲಿ 3 ಆಂಪಿಯರ್ ಆಸುಪಾಸು ಎಳೆಯುತ್ತದೆ. ಕೆಟ್ಟ ಜಾಯಿಂಟ್‌ನಲ್ಲಿ ಅರ್ಧ ಓಮ್ ತಡೆ ಇದ್ದರೂ ಒಂದೂವರೆ ವೋಲ್ಟ್ ಅಲ್ಲೇ ಹೋಯಿತು. ಕಂಟ್ರೋಲರ್ ಫ್ಯಾನ್ ವೇಗ ಹಿಡಿದಿಡಲು ನೋಡುತ್ತದೆ, ಆದರೆ ವೋಲ್ಟೇಜ್ ತೀರಾ ಇಳಿದರೆ ಗರಿಷ್ಠ ವೇಗ ಸಿಗುವುದೇ ಇಲ್ಲ. ಶುರುವಿನಲ್ಲಿ ಗ್ಲೋ ಪ್ಲಗ್ 8ರಿಂದ 10 ಆಂಪಿಯರ್ ಎಳೆಯುವಾಗ ಇನ್ನೂ ಕಷ್ಟ. ಮನೆ ವೈರಿಂಗ್‌ನ 1.5 ಚದರ ಮಿಲಿಮೀಟರ್ ತಾಮ್ರದ ವೈರನ್ನು 5 ಮೀಟರ್ ದೂರ ಎಳೆದರೆ, ಹೋಗಿ ಬರುವ ದಾರಿ 10 ಮೀಟರ್, 10 ಆಂಪಿಯರ್‌ಗೆ ಸುಮಾರು 1.2 ವೋಲ್ಟ್ ವೈರ್‌ನಲ್ಲೇ ಮುಗಿಯುತ್ತದೆ. 4 ಚದರ ಮಿಲಿಮೀಟರ್ ವೈರ್ ಹಾಕಿದರೆ ಅದು ಅರ್ಧ ವೋಲ್ಟ್‌ಗಿಂತ ಕಡಿಮೆ.

ಮೀಟರ್ ಇಲ್ಲದಿದ್ದರೆ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ಪ್ಲಾಸ್ಟಿಕ್ ಕಂದು ತಿರುಗಿದ್ದರೆ ಬದಲಿಸಿ. ಬೆಚ್ಚಗಾಗುವ ಜಾಯಿಂಟ್ ಅಂದರೆ ವೋಲ್ಟ್ ತಿನ್ನುವ ಜಾಯಿಂಟ್.

ಇಷ್ಟಾದ ಮೇಲೆ ಹೀಟರ್ ಬಿಚ್ಚಿ

ಪೂರ್ತಿ ತಣ್ಣಗಾಗಲಿ, ಫ್ಯೂಸ್ ತೆಗೆಯಿರಿ. ಮೇಲಿನ ಪ್ಲಾಸ್ಟಿಕ್ ಕವಚ ಕ್ಲಿಪ್‌ಗಳ ಮೇಲೆ ಕೂತಿರುತ್ತದೆ, ಸುಮ್ನೆ ಎಳೆದು ಮುರಿಯಬೇಡಿ. ಫ್ಯಾನ್‌ನ ರೆಕ್ಕೆಗಳಲ್ಲಿ ಧೂಳು ಮೆತ್ತಿದ್ದರೆ ಮೆತ್ತಗಿನ ಬ್ರಷ್‌ನಿಂದ ತೆಗೆಯಿರಿ. ಗ್ಯಾರೇಜಿನ ಕಂಪ್ರೆಸರ್ ಗಾಳಿ ಹೊಡೆಯುವುದಾದರೆ ಫ್ಯಾನನ್ನು ಒಂದು ಬೆರಳಿನಿಂದ ಒತ್ತಿ ಹಿಡಿದಿರಿ. ಇಲ್ಲದಿದ್ದರೆ ಅದು ತನ್ನ ಮಿತಿ ಮೀರಿ ಗಿರ್ರನೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೂತ ನೂಲು, ಕೂದಲನ್ನೂ ತೆಗೆಯಿರಿ.

ಫ್ಯಾನನ್ನು ಬೆರಳಿನಿಂದ ನಿಧಾನ ತಿರುಗಿಸಿ. ಸಲೀಸಾಗಿ ತಿರುಗಬೇಕು, ಎಲ್ಲೂ ಉಜ್ಜಬಾರದು. ಒರಟು ಅನ್ನಿಸಿದರೆ, ಬುಡ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಕೆಲವು ಹೀಟರ್‌ಗಳ ಫ್ಯಾನ್‌ನಲ್ಲಿ ಸಣ್ಣ ಆಯಸ್ಕಾಂತ ಕೂರಿಸಿರುತ್ತಾರೆ, ಪಕ್ಕದ ಸೆನ್ಸರ್ ಅದನ್ನು ಎಣಿಸಿ ವೇಗ ತಿಳಿಯುತ್ತದೆ. ಆ ಆಯಸ್ಕಾಂತ ಬಿದ್ದುಹೋದರೆ ಮೋಟಾರ್ ಸರಿ ಇದ್ದರೂ ಫ್ಯಾನ್ ಎರರ್ ಬರುತ್ತದೆ. ಎರರ್ ಕೋಡ್‌ನ ಅರ್ಥ ಒಂದೊಂದು ಬ್ರ್ಯಾಂಡ್‌ಗೆ ಒಂದೊಂದು ಥರ ಇರುತ್ತದೆ, ನಿಮ್ಮ ಹೀಟರ್ ಜೊತೆ ಬಂದ ಪುಸ್ತಕದಲ್ಲೇ ನೋಡಿ. ಉರಿಯುವ ಕೋಣೆಯನ್ನು ಬಿಚ್ಚಿದರೆ, ಹೊಗೆ ಸೋರದಂತೆ ತಡೆಯುವ ಅದರ ಗ್ಯಾಸ್ಕೆಟ್ ಹೊಸದು ಹಾಕಲೇಬೇಕು. ಹಳೇ ಗ್ಯಾಸ್ಕೆಟ್ ಮೇಲೆ ಬಿಗಿದು ಒಂದು ರಾತ್ರಿ ಕಳೆಯೋಣ ಅನ್ನುವ ಯೋಚನೆ ಬೇಡ. ಒಳಗೆ ಮಲಗುವವರು ನಮ್ಮ ಮಕ್ಕಳು.

ಎತ್ತರದ ಊರು, ಅಮೆರಿಕದ ಹೀಟರ್

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಕಾಜಾ 3,600 ಮೀಟರ್‌ಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡು ಭಾಗ. ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ತಳ್ಳುವ ಗಾಳಿ ತೆಳುವಾಗಿರುತ್ತದೆ, ಹೊರುವ ಶಾಖವೂ ಕಡಿಮೆ. ಉರಿಗೂ ಗಾಳಿ ಸಾಲದೆ ಮಸಿ ಕಟ್ಟುತ್ತದೆ. ಹೀಟರ್‌ನಲ್ಲಿ ಎತ್ತರದ ಪ್ರದೇಶದ ಸೆಟ್ಟಿಂಗ್ ಇದ್ದರೆ ಹಾಕಿ, ಡೀಸೆಲ್ ಕಡಿಮೆ ಬಿಡುತ್ತದೆ. ಊರಲ್ಲಿ ಚೆನ್ನಾಗಿದ್ದದ್ದು ಅಲ್ಲಿ ಸ್ವಲ್ಪ ಮೆತ್ತಗಾದರೆ ಗಾಬರಿ ಬೇಡ. ಪೂರ್ತಿ ಸೊರಗಿದರೆ ಮಾತ್ರ ಹುಡುಕಿ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ಟ್ರೈಲರ್‌ಗಳ ವಿವರವೇ ಜಾಸ್ತಿ ಸಿಗುತ್ತದೆ. ಅಲ್ಲಿನವು ಹೆಚ್ಚಾಗಿ ಪ್ರೊಪೇನ್ ಗ್ಯಾಸಿನ ಫರ್ನೇಸ್‌ಗಳು. ಅವುಗಳಲ್ಲಿ ಸೈಲ್ ಸ್ವಿಚ್ ಅಂತ ಒಂದು ತೆಳು ತಗಡು ಇರುತ್ತದೆ. ಫ್ಯಾನ್‌ನ ಗಾಳಿ ಅದನ್ನು ತಳ್ಳಿ ಒತ್ತಿದರೆ ಮಾತ್ರ ಗ್ಯಾಸ್ ಬಿಡಲು, ಕಿಡಿ ಹೊತ್ತಿಸಲು ಅಪ್ಪಣೆ. ಬ್ಯಾಟರಿ ಇಳಿದು ಗಾಳಿ ಸಾಲದಿದ್ದರೆ ಉರಿಯೇ ಹತ್ತುವುದಿಲ್ಲ, ತಣ್ಣನೆ ಗಾಳಿ ಊದಿ ನಿಲ್ಲುತ್ತದೆ. ನಮ್ಮ ಡೀಸೆಲ್ ಹೀಟರ್‌ನಲ್ಲಿ ಆ ತಗಡು ಹುಡುಕಿದರೆ ಸಿಗುವುದಿಲ್ಲ. ಆದರೆ ಚಪ್ಪಟೆ ಡಕ್ಟ್, ಮುಚ್ಚಿದ ವೆಂಟ್, ಕಿರಿದಾದ ಒಳದಾರಿ, ಇಳಿದ ವೋಲ್ಟೇಜ್, ಈ ನಾಲ್ಕು ಅಲ್ಲೂ ಇವೇ, ಇಲ್ಲೂ ಇವೇ.

ಎಲ್ಲ ಜೋಡಿಸಿದ ಮೇಲೆ ಚೀಲ ಹಿಡಿದು ಮತ್ತೆ ಸೆಕೆಂಡ್ ಎಣಿಸಿ, ಆ ಅಂಕಿಯನ್ನು ಹೀಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಬರೆದಿಡಿ. ಇನ್ನೊಂದು ಸಣ್ಣ ಕೆಲಸ ಇದೆ. ಪ್ರತಿ ಜಾಯಿಂಟ್ ಮೇಲೆ, ಡಕ್ಟ್‌ನಿಂದ ಹೀಟರ್ ಬಾಯಿಗೆ ಅಡ್ಡ, ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಪೈಪ್ ಒಂದು ನೂಲು ಜಾರಿದರೂ ಗೆರೆ ಮುರಿದು ಕಾಣುತ್ತದೆ. ನಮ್ಮ ಗಾಡಿಯಲ್ಲಿ ಘಟ್ಟ ಇಳಿದ ಮೇಲೆ ಟಾರ್ಚ್ ಹಿಡಿದು ಆ ಗೆರೆ ನೋಡುವುದು ಈಗ ಮಗಳ ಕೆಲಸ. ರೊಟ್ಟಿ ಡಬ್ಬಿಗೆ ಅಡುಗೆ ಕಟ್ಟೆಯ ಪಕ್ಕ, ಬೆಲ್ಟ್ ಕಟ್ಟಿ ಬೇರೆ ಜಾಗ ಮಾಡಿದ್ದೇವೆ.